ವಾರಿಜ ದೊಡ್ಡಮ್ಮ ಹರಸಲಿಲ್ಲ

ದುಬೈಯ ಅಲ್ ಬರ್ಷಾದ ನಮ್ಮ ಫ್ಲ್ಯಾಟಿನಲ್ಲಿ ಎರಡು ಸಂಸಾರಗಳಿದ್ದವು. ಒಳಗೇ ಬಚ್ಚಲಿದ್ದ ದೊಡ್ಡ ಕೋಣೆಯಲ್ಲಿ ಸಿರಿಲ್ ಅಂಕಲ್ ಮತ್ತು ಲೀನಾ ಆಂಟಿ, ಸಣ್ಣ ಕೋಣೆಯಲ್ಲಿ ಅಪ್ಪ ಅಮ್ಮ, ಹಾಲಿನ ಸೋಫಾದ ಮೇಲೆ ನಾನು. ಅಡುಗೆಮನೆ ಎಲ್ಲರದು. ಫ್ರಿಜ್ಜಿನ ಮೇಲಿನ ಎರಡು ಅಂತಸ್ತು ಅವರಿಗೆ, ಕೆಳಗಿನ ಎರಡು ನಮಗೆ. ತರಕಾರಿಯ ಡ್ರಾಯರ್ ಮಾತ್ರ ಯಾರದೆಂದು ಕೊನೆಯವರೆಗೂ ತೀರ್ಮಾನವಾಗಲಿಲ್ಲ. ಅದರಲ್ಲಿ ಅಮ್ಮನ ಬೆಂಡೆಕಾಯಿಯೂ ಆಂಟಿಯ ಕೊತ್ತಂಬರಿಯೂ ಒಟ್ಟಿಗೇ ಬಾಡುತ್ತಿದ್ದವು. ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿನ ನೀರು ಕೈ ಸುಡುವಷ್ಟು ಕಾದು ಬರುತ್ತಿತ್ತು. ಆಗ ಗೀಸರಿನ ಸ್ವಿಚ್ ಆರಿಸಿ, ಅದರೊಳಗೆ ನಿಂತು ತಣಿದ ನೀರನ್ನೇ ತಣ್ಣೀರೆಂದು ಬಳಸುತ್ತಿದ್ದೆವು. ಕೆಂಪು ಗುರುತಿನ ನಲ್ಲಿಯಲ್ಲಿ ತಣ್ಣೀರು, ನೀಲಿ ಗುರುತಿನದರಲ್ಲಿ ಬಿಸಿನೀರು. ಅಪ್ಪ ಮುಹೈಸ್ನಾದ ಒಂದು ಲೇಬರ್ ಕ್ಯಾಂಪಿನಲ್ಲಿ ಸೂಪರ್‌ವೈಸರ್ ಆಗಿದ್ದರು. ನಾನು ಏಳುವ ಮೊದಲೇ ಹೋಗಿ, ಸಂಜೆ ಬಂದು, ಶೂ ಕೂಡ ಬಿಚ್ಚದೆ ಸೋಫಾದ ತುದಿಯಲ್ಲಿ ಹತ್ತು ನಿಮಿಷ ಸುಮ್ಮನೆ ಕೂರುತ್ತಿದ್ದರು. ಅಮ್ಮ ನೈಫ್‌ನ ಒಂದು ಹೊಲಿಗೆ ಅಂಗಡಿಯಲ್ಲಿ ಅಬಾಯಾಗಳಿಗೆ, ಅಲ್ಲಿನ ಹೆಂಗಸರ ಕಪ್ಪು ನಿಲುವಂಗಿಗಳಿಗೆ, ಮಣಿ ಹಚ್ಚುತ್ತಿದ್ದಳು. ಮೆಟ್ರೋದಲ್ಲಿ ಮನೆಗೆ ಬಂದಾಗ ಅವಳ ಚೂಡಿದಾರದ ಮೇಲೆಲ್ಲ ಕಪ್ಪು ದಾರದ ತುಣುಕುಗಳು ಅಂಟಿಕೊಂಡಿರುತ್ತಿದ್ದವು. ಅವನ್ನು ಒಂದೊಂದಾಗಿ ಹೆಕ್ಕುವುದು ನನ್ನ ಕೆಲಸ. ನಾವು ಮೂವರೂ ತುಳು ಮಾತಾಡುತ್ತಿದ್ದೆವು, ಅಂಕಲ್ ಮತ್ತು ಆಂಟಿ ತಮ್ಮೊಳಗೆ ಕೊಂಕಣಿ, ಎಲ್ಲರೂ ಸೇರಿದಾಗ ಕನ್ನಡ. ನಾನು ಯಾರು ಯಾವ ಭಾಷೆಯಲ್ಲಿ ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರಿಸಿ ಬೈಸಿಕೊಳ್ಳುತ್ತಿದ್ದೆ.

ಸಿರಿಲ್ ಅಂಕಲ್ ಹೋಟೆಲೊಂದರ ರಿಸೆಪ್ಷನ್ನಿನಲ್ಲಿ ಸಂಜೆಯ ಪಾಳಿ ಮಾಡುತ್ತಿದ್ದರು. ಅದಕ್ಕೂ ಮೊದಲು, ಹರೆಯದಲ್ಲಿ, ಪಾದ್ರಿಯಾಗಲೆಂದು ಮಂಗಳೂರಿನ ಕಡೆ ಸೆಮಿನರಿಯಲ್ಲಿ ಏಳು ವರ್ಷ ಓದಿದ್ದರು. ದೀಕ್ಷೆಗೆ ಇನ್ನೇನು ಎರಡು ವರ್ಷವಿದೆ ಎನ್ನುವಾಗ ಬಿಟ್ಟು ಬಂದರಂತೆ. ಯಾಕೆ ಎಂದು ಕೇಳಿದರೆ ಲೀನಾ ಆಂಟಿಯ ಕಡೆ ನೋಡಿ ನಗುತ್ತಿದ್ದರು. ಆಂಟಿ ಆಸ್ಪತ್ರೆಯಲ್ಲಿ ನರ್ಸ್, ನೈಟ್ ಡ್ಯೂಟಿ ಮುಗಿಸಿ ಮಧ್ಯಾಹ್ನವೆಲ್ಲ ಒಳಗೆ ಮಲಗಿರುತ್ತಿದ್ದರು. ನಾನು ಶಾಲೆಯ ಬಸ್ಸಿಳಿದು ಮನೆಗೆ ಬರುವ ಹೊತ್ತಿಗೆ ಅಂಕಲ್ ಊಟದ ಮೇಜಿನ ಹತ್ತಿರ ಕೂತು ಶರ್ಟಿಗೆ ಇಸ್ತ್ರಿ ಹಾಕುತ್ತಲೋ, ಮೀನು ಹುರಿಯಲು ಮಸಾಲೆ ಹಚ್ಚುತ್ತಲೋ ಇರುತ್ತಿದ್ದರು. ನನಗೆ ಊಟ ಬಡಿಸುವುದೂ ಅವರೇ. ನನಗಾಗ ಹನ್ನೆರಡು ವರ್ಷ. ಗ್ರೀಕ್ ದೇವರುಗಳ ಚಾರ್ಟ್ ಮಾಡಿಕೊಂಡು ಬನ್ನಿ ಎಂದು ಶಾಲೆಯಲ್ಲಿ ಹೇಳಿದ್ದರು. ನಾನು ಮೇಜಿನ ಮೇಲೆ ಹರಡಿದ್ದ ಚಾರ್ಟನ್ನು ಅಂಕಲ್ ಬಗ್ಗಿ ನೋಡಿ, ಆಂಟಿಗೆ ಎಚ್ಚರವಾಗಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನನ್ನನ್ನು ಅವರು ಕೊಂಕಣಿಯಲ್ಲಿ ಪುತಾ, ಎಂದರೆ ಮಗು, ಎಂದೇ ಕರೆಯುತ್ತಿದ್ದರು.

“ಪುತಾ, ಇದರಲ್ಲಿ ಅರ್ಧ ಹೆಸರು ಗ್ರೀಕರದ್ದು, ಅರ್ಧ ರೋಮಿನವರದ್ದು. ಒಂದೇ ದೇವರಿಗೆ ಎರಡು ಪಾಸ್‌ಪೋರ್ಟ್ ಮಾಡಿಸಿಟ್ಟಿದ್ದಿ ನೀನು!”

ಅಲ್ಲಿಂದ ಶುರುವಾಯಿತು. ಎರಡು ವರ್ಷ, ಹೆಚ್ಚುಕಡಿಮೆ ದಿನಾ ಮಧ್ಯಾಹ್ನ, ನಾನು ಅನ್ನದ ತಟ್ಟೆ ಎದುರಿಗಿಟ್ಟುಕೊಂಡು ಕೈ ಒಣಗುವವರೆಗೂ ಅವರ ಮಾತು ಕೇಳಿದ್ದೇನೆ. ಆಂಟಿಯ ನಿದ್ದೆಯಿಂದಾಗಿ ಎಲ್ಲ ಪಾಠವೂ ಪಿಸುಮಾತಿನಲ್ಲಿ. ಅದರಿಂದಲೇ ಅವಕ್ಕೆ ಗುಟ್ಟಿನ ರುಚಿ ಬಂದಿತ್ತು. ರೋಮಿನವರು ಗ್ರೀಸನ್ನು ಯುದ್ಧದಲ್ಲಿ ಗೆದ್ದರು, ಆದರೆ ಮನೆಗೆ ಬಂದು ನೋಡಿದರೆ ತಮ್ಮ ಹತ್ತಿರ ಕತೆಗಳೇ ಇರಲಿಲ್ಲ ಎನ್ನುತ್ತಿದ್ದರು. ಆದ್ದರಿಂದ ಸೋತವರ ಕತೆಗಳನ್ನು ಹೊತ್ತು ತಂದರು, ಅವರ ಛಂದಸ್ಸನ್ನೂ ತಂದರು. ಲ್ಯಾಟಿನ್ ಆಗ ಒರಟು ಭಾಷೆ, ಹೊಲದ ಮತ್ತು ದಂಡಿನ ಭಾಷೆ. ಅದನ್ನು ಗ್ರೀಕ್ ಅಳತೆಗೆ ಬಗ್ಗಿಸಲು ಕವಿಗಳು ತಲೆಮಾರುಗಟ್ಟಲೆ ಒದ್ದಾಡಿದರು. ನಮ್ಮ ಹಳೆಗನ್ನಡದ ಕವಿಗಳು ಸಂಸ್ಕೃತದ ಕತೆ ತಂದು ಕನ್ನಡದ್ದೇ ಮಾಡಿಕೊಳ್ಳಲಿಲ್ಲವೇ, ಹಾಗೆಯೇ ಎನ್ನುವರು. ತಂದದ್ದನ್ನು ಇದ್ದ ಹಾಗೇ ಇಡಲಿಲ್ಲ ಎನ್ನುವುದೇ ಅವರ ಪಾಠದ ತಿರುಳು. ಗ್ರೀಕರಲ್ಲಿ ಬೇರೆ ಬೇರೆ ಊರಿನ ಬೇರೆ ಬೇರೆ ಕತೆಗಳಾಗಿದ್ದವನ್ನು, ಹುಡುಗಿ ಮರವಾದದ್ದು, ಹುಡುಗ ಹೂವಾದದ್ದು, ನೇಯುವವಳು ಜೇಡವಾದದ್ದು, ಒಬ್ಬ ರೋಮನ್ ಕವಿ ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿ ಒಂದೇ ಉದ್ದನೆಯ ಸರ ಮಾಡಿದನಂತೆ. ಇನ್ನೊಬ್ಬ, ಸುಟ್ಟುಹೋದ ಊರಿನಿಂದ ಓಡಿದ ಒಬ್ಬನನ್ನು, ಗ್ರೀಕರ ಕತೆಯಲ್ಲಿ ಎರಡನೇ ಸಾಲಿನಲ್ಲಿ ನಿಂತಿದ್ದವನನ್ನು, ಎತ್ತಿ ತಂದು ತಮ್ಮ ಜನಾಂಗಕ್ಕೇ ಮೂಲಪುರುಷನನ್ನಾಗಿ ಮಾಡಿದನಂತೆ. ಆದರೆ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕಡಲದಂಡೆಯ ಹುಡುಗಿಯ ಕತೆ. ಅವಳು ಒಬ್ಬ ಪರದೇಶದ ವೀರನನ್ನು ಸಾವಿನಿಂದ ಪಾರು ಮಾಡುತ್ತಾಳೆ, ಅವನ ಜೊತೆ ಹಡಗು ಹತ್ತುತ್ತಾಳೆ, ದಾರಿಯಲ್ಲಿ ಒಂದು ದ್ವೀಪದಲ್ಲಿ ನಿದ್ದೆ ಹೋಗುತ್ತಾಳೆ. ಎದ್ದು ನೋಡಿದರೆ ಹಡಗು ಹೊರಟುಹೋಗಿದೆ.

“ಹಳೇ ಗ್ರೀಕರು ಅವಳನ್ನು ಅಲ್ಲಿಯೇ ಬಿಟ್ಟು ವೀರನ ಹಿಂದೆ ಹೋದರು. ಅವಳ ಬಗ್ಗೆ ಒಂದು ಸಾಲು, ಎರಡು ಸಾಲು. ರೋಮಿನ ಕವಿ ಎಂತ ಮಾಡಿದ ಗೊತ್ತುಂಟಾ ಪುತಾ? ಹಡಗಿನಿಂದ ಇಳಿದು ಅವಳ ಪಕ್ಕ ಹೋಗಿ ನಿಂತ. ಮಾತಾಡು ಅಂದ. ಅವಳು ಮಾತಾಡಿದಳು, ಪುಟಗಟ್ಟಲೆ.”

ಇದನ್ನು ಹೇಳುವಾಗ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಹಿಡಿದೇ ಇದ್ದರು. ನನಗೆ ಮೈ ಜುಮ್ಮೆಂದಿತು. ಕವಿತೆ ಎಂದರೆ ಇದು, ಬಿಟ್ಟುಹೋದವರ ಪಕ್ಕ ಇಳಿದು ನಿಲ್ಲುವುದು ಎಂದು ಆ ದಿನ ನಂಬಿದೆ. ಇವತ್ತಿಗೂ ಅದನ್ನು ಪೂರ್ತಿಯಾಗಿ ಬಿಡಲು ಆಗಿಲ್ಲ.

ಕತೆಗಳ ಜೊತೆ ತತ್ವವೂ ಬಂತು. ಜಗತ್ತೆಲ್ಲ ಕಣ್ಣಿಗೆ ಕಾಣದ ಕಣಗಳಿಂದಾದದ್ದು, ಜೀವವೂ ಅಷ್ಟೇ, ಸತ್ತ ಮೇಲೆ ಕಣಗಳು ಚೆದುರಿಹೋಗುತ್ತವೆ, ನೋಯಲು ಯಾರೂ ಉಳಿದಿರುವುದಿಲ್ಲ, ಆದ್ದರಿಂದ ಸಾವಿಗೂ ದೇವರಿಗೂ ಹೆದರಬೇಕಾಗಿಲ್ಲ. ಇದನ್ನು ಗ್ರೀಕ್ ತತ್ವಜ್ಞಾನಿಗಳು ಒಣ ಗದ್ಯದಲ್ಲಿ ಹೇಳಿದ್ದರಂತೆ, ರೋಮಿನ ಕವಿಯೊಬ್ಬ ಹೆದರಿದ ಜನ ಕಿವಿಗೊಟ್ಟು ಕೇಳಲಿ ಎಂದು ಹಾಡಿನ ಹಾಗೆ ಬರೆದನಂತೆ. ಭಾನುವಾರದ ಬದಲು ಅಲ್ಲಿ ರಜೆಯಿದ್ದ ಶುಕ್ರವಾರವೇ ಇಗರ್ಜಿಗೆ ಹೋಗಿ ಬರುವ ಅಂಕಲ್ ಇದನ್ನು ನಂಬುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ನಾನಂತೂ ನಂಬಿದೆ. ಹದಿಮೂರರ ವಯಸ್ಸಿನಲ್ಲಿ ದೊಡ್ಡವರ ಭಯವನ್ನು ಒಂದೇ ಮಾತಿನಲ್ಲಿ ಮುರಿಯಬಲ್ಲ ವಿದ್ಯೆ ಸಿಕ್ಕಿದರೆ ಅದನ್ನು ಎಲ್ಲಿ ಪ್ರಯೋಗಿಸಲಿ ಎಂದು ಕೈ ತುರಿಸುತ್ತದೆ. ಆ ವರ್ಷದ ಆಟಿಯಲ್ಲಿ ಅವಕಾಶ ಸಿಕ್ಕಿತು.

ಆಟಿ, ಎಂದರೆ ಆಷಾಢದ ಹೊತ್ತಿನ ತುಳು ತಿಂಗಳಲ್ಲಿ, ಮನೆಯ ಸತ್ತವರಿಗೆ, ನಾವು ಕುಲೆಗಳು ಎನ್ನುವ ಅವರಿಗೆ, ಬಡಿಸುವುದು ನಮ್ಮ ಕಡೆಯ ಪದ್ಧತಿ. ದುಬೈಯಲ್ಲಿ ಅದು ಸರಿಯಾಗಿ ಶಾಲೆಯ ಬೇಸಿಗೆ ರಜೆ, ಹೊರಗೆ ಕಾಲಿಟ್ಟರೆ ಕನ್ನಡಕದ ಮೇಲೆ ಹಬೆ ಕೂರುವ ಕಾಲ. ಅಮ್ಮ ಶುಕ್ರವಾರವೊಂದನ್ನು ಗೊತ್ತು ಮಾಡಿಕೊಂಡು, ನೈಫ್‌ನಿಂದ ಬಾಳೆಲೆ ತಂದು, ಕೋಳಿ ಸಾರು, ನೀರುದೋಸೆ, ಒಣಮೀನಿನ ಚಟ್ನಿ ಎಲ್ಲ ಮಾಡಿ, ಸಣ್ಣ ಕೋಣೆಯ ನೆಲ ಒರೆಸಿ ಎಲೆಗಳನ್ನು ಇಡುತ್ತಿದ್ದಳು. ಅಪ್ಪನ ಅಪ್ಪ ಅಮ್ಮನಿಗೆ ಎರಡು, ತನ್ನ ಅಪ್ಪನಿಗೆ ಒಂದು. ಮತ್ತೊಂದು ಎಲೆ, ಗೋಡೆಯ ಪಕ್ಕ, ಸ್ವಲ್ಪ ಬೇರೆಯಾಗಿ. ಅದು ಯಾರಿಗೆ ಎಂದು ನಾನು ಕೇಳಿರಲಿಲ್ಲ. ಬಡಿಸಿ, ಬಾಗಿಲು ಎಳೆದುಕೊಂಡು, ನಾವೆಲ್ಲ ಹಾಲಿನಲ್ಲಿ ಸುಮ್ಮನೆ ಕೂರಬೇಕು. ಆ ದಿನ ಅಪ್ಪನಿಗೆ ಕ್ಯಾಂಪಿನಿಂದ ಕರೆ ಬಂದು ಅವರು ಹೋಗಿದ್ದರು. ಮುಚ್ಚಿದ ಬಾಗಿಲಿನ ಎದುರು ಕೂತು ನಾನು ನನ್ನ ವಿದ್ಯೆ ಹೊರತೆಗೆದೆ.

“ಅಮ್ಮ, ಸತ್ತವರು ಊಟ ಮಾಡುವುದಿಲ್ಲ. ಅವರ ಕಣಗಳೆಲ್ಲ ಚೆದುರಿಹೋಗಿರುತ್ತವೆ. ಅಲ್ಲಿ ಯಾರೂ ಇಲ್ಲ.”

ಅಮ್ಮ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನನ್ನೇ ನೋಡುತ್ತಿದ್ದಳು.

“ಯಾರು ಹೇಳಿದ್ದು?”

“ಅಂಕಲ್. ರೋಮಿನವರು ಎರಡು ಸಾವಿರ ವರ್ಷದ ಹಿಂದೆಯೇ ಹೇಳಿದ್ದಾರೆ.”

“ಬದುಕಿದ್ದಾಗ ಒಂದು ಹೊತ್ತು ಕೂರಿಸಿ ಬಡಿಸಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆ ಮಗಾ,” ಎಂದಳು. ಆಮೇಲೆ ಆ ಬೇರೆ ಎಲೆ ಯಾರದೆಂದು ಹೇಳಿದಳು.

ಅದು ಅವಳ ಅಕ್ಕನದು. ಇಲ್ಲಿ ಅವಳನ್ನು ವಾರಿಜ ಎನ್ನುತ್ತೇನೆ. ಊರಲ್ಲಿ ಅವಳಿಗೆ ಎಲೆ ಇಡುವವರಿಲ್ಲ, ಹೆಸರು ಎತ್ತುವವರೂ ಇಲ್ಲ. ದೊಡ್ಡಮ್ಮ ಹತ್ತನೇ ತರಗತಿ ಓದಿದ್ದಳು, ಆ ಕೇರಿಯಲ್ಲಿ ಅದು ದೊಡ್ಡ ಓದು. ಗಲ್ಫಿಗೆ ಹೋಗಬೇಕೆಂದು ಹಟ ಹಿಡಿದ ಒಬ್ಬನಿಗೆ ಅವಳೇ ಅರ್ಜಿ ಬರೆದುಕೊಟ್ಟಳು, ಇಂಟರ್‌ವ್ಯೂಗೆ ಬೇಕಾದಷ್ಟು ಇಂಗ್ಲಿಷ್ ಕಲಿಸಿದಳು, ಹಿಂದಿ ಕಲಿಸಿದಳು. ಬೊಂಬಾಯಿಗೆ ಹೋಗಿ ಅಲ್ಲಿಯೇ ಮದುವೆಯಾಗುವುದೆಂದು ಇಬ್ಬರೂ ಯಾರಿಗೂ ಹೇಳದೆ ಬಸ್ಸು ಹತ್ತಿದರು. ಅಮ್ಮನಿಗೆ ಮಾತ್ರ ಗೊತ್ತಿತ್ತು; ಅವಳಿಗಾಗ ಹದಿನಾಲ್ಕು, ಅಕ್ಕನ ಗಿಣಿಹಸಿರು ವಾಯಿಲ್ ಸೀರೆಗೆ ಪಿನ್ನು ಹಾಕಿ ಕಳಿಸಿದವಳೇ ಅವಳು. ಅಂಕೋಲಾ ದಾಟಿದ ಮೇಲೆ ಬಸ್ಸು ಒಂದು ಹೋಟೆಲಿನ ಹತ್ತಿರ ನಿಂತಿತು. ಅವನು ಫ್ಲಾಸ್ಕ್ ಕೊಟ್ಟು ನೀರು ತಾ ಎಂದ. ಅವಳು ಇಳಿದು ಹಿತ್ತಲ ನಲ್ಲಿಯಲ್ಲಿ ನೀರು ತುಂಬಿಸುವಾಗ ಬಸ್ಸು ಹೊರಟ ಶಬ್ದ ಕೇಳಿತು. ಓಡಿದಳು, ಒಂದು ಕಾಲಿನ ಚಪ್ಪಲಿ ಕಳಚಿಬಿತ್ತು. ಅವಳು ಇಲ್ಲಿಯೇ ಇಳಿಯುವವಳು, ಹೊರಡಿ ಎಂದು ಅವನೇ ಕಂಡಕ್ಟರನಿಗೆ ಹೇಳಿದ್ದನಂತೆ; ಅದು ಆಮೇಲೆ ತಿಳಿದದ್ದು. ಎರಡು ದಿನ ಅಲ್ಲಿಯೇ ಹತ್ತಿರದ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದು ಮೂರನೇ ದಿನ ಮನೆಗೆ ಬಂದಳು. ಅಜ್ಜ ಎದುರು ಬಾಗಿಲಿನಿಂದ ಒಳಗೆ ಸೇರಿಸಲಿಲ್ಲ. ಹಿಂದಿನ ಚಾವಡಿಯಲ್ಲಿ ಬೀಡಿ ಕಟ್ಟಿಕೊಂಡು ನಾಲ್ಕು ವರ್ಷ ಇದ್ದಳು, ಊಟದ ಪಂಕ್ತಿಗೆ ಅವಳನ್ನು ಯಾರೂ ಕರೆಯಲಿಲ್ಲ. ಕಾಮಾಲೆ ಬಂದು ಸತ್ತಳು.

“ಅಪ್ಪನಿಗೆ ಗೊತ್ತಾ?” ಎಂದು ಕೇಳಿದೆ.

“ಬಸ್ಸು ತಪ್ಪಿದ್ದು ಗೊತ್ತು. ತಪ್ಪಿಸಿದ್ದು ಗೊತ್ತಿಲ್ಲ. ನೀನು ಯಾರ ಹತ್ತಿರವೂ ಹೇಳ್ಬೇಡ.”

ಹೇಳುವುದಿಲ್ಲ ಎಂದೆ. ಆ ಮಾತು ಹನ್ನೊಂದು ದಿನ ಬಾಳಿತು. ಕಾರಣ ಯೋಚಿಸಿ ನೋಡಿದ್ದೇನೆ, ಚೆಂದದ ಕಾರಣವೇನೂ ಸಿಗುವುದಿಲ್ಲ. ಅಂಕಲ್ ನನಗೆ ದಿನಕ್ಕೊಂದು ಕತೆ ಕೊಡುತ್ತಿದ್ದರು, ನನ್ನ ಹತ್ತಿರ ಕೊಡಲು ಏನೂ ಇರಲಿಲ್ಲ, ಈಗ ಇತ್ತು. ಕಡಲದಂಡೆಯ ಹುಡುಗಿ ನಮ್ಮ ಮನೆಯಲ್ಲೇ ಹುಟ್ಟಿದ್ದಳು ಎನ್ನುವ ಹೆಮ್ಮೆಯೂ ಇತ್ತು. ಒಂದು ಮಧ್ಯಾಹ್ನ ಎಲ್ಲವನ್ನೂ ಹೇಳಿಬಿಟ್ಟೆ, ಸೀರೆಯ ಬಣ್ಣದ ಸಮೇತ. ಅಂಕಲ್ ಇಸ್ತ್ರಿಪೆಟ್ಟಿಗೆ ಆರಿಸಿ ಎದುರು ಕೂತರು. ಅವರ ಕಣ್ಣು ತೇವವಾಗಿತ್ತು, ಅದು ಸುಳ್ಳಲ್ಲ. “ಪಾಪ, ಶಶಿಯಕ್ಕ ಇಷ್ಟನ್ನೆಲ್ಲ ಒಳಗಿಟ್ಟುಕೊಂಡು ಮಣಿ ಹಚ್ತಾರಲ್ಲ,” ಎಂದರು. ಶಶಿ ಎಂದರೆ ನನ್ನ ಅಮ್ಮ. ಯಾರಿಗೂ ಹೇಳಬೇಡಿ ಎಂದೆ. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ, ಇಲ್ಲ ಎಂದರು.

ಚಳಿಗಾಲಕ್ಕೆ ಊರಿನವರ ಸಂಘದ ವಾರ್ಷಿಕೋತ್ಸವ. ಸಿರಿಲ್ ಅಂಕಲ್ ಆ ಸಲ ಒಂದು ಪದ್ಯನಾಟಕ ಬರೆದುಕೊಡುತ್ತೇನೆಂದು ಒಪ್ಪಿಕೊಂಡಿದ್ದರು. ಗ್ರೀಕ್ ಕತೆ, ಕನ್ನಡದಲ್ಲಿ. ದಂಡೆಯ ಹುಡುಗಿಯ ಪಾತ್ರ ನನಗೆ. ಕೈಬರಹದ ಹಾಳೆಗಳನ್ನು ಓದಿದಾಗಲೇ ನನಗೆ ಗೊತ್ತಾಯಿತು. ಹಡಗಿತ್ತು, ದ್ವೀಪವಿತ್ತು, ಆದರೆ ಹುಡುಗಿ ನಿದ್ದೆ ಹೋಗಿರಲಿಲ್ಲ. ವೀರ ತಂಬಿಗೆ ಕೊಟ್ಟು ನೀರು ತಾ ಎನ್ನುತ್ತಾನೆ. ಅವಳು ಓಡುವಾಗ ಒಂದು ಪಾದರಕ್ಷೆ ಕಳಚುತ್ತದೆ.

“ಅಂಕಲ್, ಇದು ದೊಡ್ಡಮ್ಮ.”

“ಅಲ್ಲ ಪುತಾ. ಹೆಸರು ಬೇರೆ, ದೇಶ ಬೇರೆ. ರೋಮಿನ ಕವಿಗಳು ಗ್ರೀಕರಿಂದ ತಗೊಂಡ ಹಾಗೆ ನಾನು ತಗೊಂಡದ್ದು. ಅವಳ ಬಾಯಲ್ಲಿ ಎಂಥ ಮಾತು ಬಂದಿದೆ ನೋಡು.”

ಮಾತು ನಿಜವಾಗಿಯೂ ಚೆನ್ನಾಗಿತ್ತು. ಖಾಲಿ ದಂಡೆಯಲ್ಲಿ ನಿಂತು ಅವಳು ಕೂಗುತ್ತಾಳೆ, ನನ್ನ ಬಾಯಾರಿಕೆಗಲ್ಲ, ನಿನ್ನ ಬಾಯಾರಿಕೆಗೆ ಇಳಿದವಳು ನಾನು ಎಂದು. ಎರಡು ಪುಟದಷ್ಟಿತ್ತು. ಸ್ನಾನ ಮಾಡುವಾಗಲೂ ಅದನ್ನೇ ಹೇಳಿಕೊಳ್ಳುತ್ತಿದ್ದೆ. ದೊಡ್ಡಮ್ಮನಿಗೆ ಹೇಳಲಾಗದ್ದನ್ನು ನಾನು ಹೇಳುತ್ತಿದ್ದೇನೆ, ಅಮ್ಮ ಕೇಳಿದರೆ ಸಮಾಧಾನವೇ ಆಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅಮ್ಮನಿಗೆ ಮಾತ್ರ, ಅದೇನೋ ಗ್ರೀಕ್ ನಾಟಕ ಎಂದೆ. ಆದರೆ ಪ್ರದರ್ಶನಕ್ಕೆ ಎರಡು ವಾರವಿರುವಾಗ ಅಂಕಲ್ ಕೊನೆಯ ಹಾಳೆಗಳನ್ನು ಬದಲಿಸಿಕೊಂಡು ಬಂದರು. ಸಂಘದ ಸಮಿತಿಯವರು ರಿಹರ್ಸಲ್ ನೋಡಿ ಮುಖ ಗಂಟು ಹಾಕಿದ್ದರಂತೆ. ಸಭಿಕರೆಲ್ಲ ಊರಲ್ಲಿ ಯಾರನ್ನಾದರೂ ಬಿಟ್ಟು ಬಂದವರೇ, ಹಬ್ಬದ ದಿನ ಬೈಸಿಕೊಳ್ಳಲು ಬರುತ್ತಾರಾ ಎಂದು ಕೇಳಿದರಂತೆ. ಹೊಸ ಹಾಳೆಯಲ್ಲಿ ವೀರ ನೀರು ಕೇಳುವುದಿಲ್ಲ. ಅವಳೇ ತನ್ನಿಷ್ಟದಿಂದ ತಂಬಿಗೆ ತೆಗೆದುಕೊಂಡು ಇಳಿಯುತ್ತಾಳೆ. ದೇವರ ಅಪ್ಪಣೆಯಾಗುತ್ತದೆ: ಹೊರಡು, ನೀನು ಕಟ್ಟಬೇಕಾದ ನಗರ ಕಾಯುತ್ತಿದೆ. ವೀರ ಅಳುತ್ತಾ ಹಡಗು ಬಿಡುತ್ತಾನೆ. ಅವಳು ದಂಡೆಯಿಂದಲೇ ಕೈಯೆತ್ತಿ ಹರಸುತ್ತಾಳೆ.

“ಅವಳು ಯಾಕೆ ಹರಸುತ್ತಾಳೆ?” ಎಂದು ಕೇಳಿದೆ.

“ರೋಮಿನವರ ಆ ಮೂಲಪುರುಷ ಉಂಟಲ್ಲ, ಅವನೂ ಒಬ್ಬಳು ರಾಣಿಯನ್ನು ಬಿಟ್ಟೇ ಹೋದದ್ದು. ಕರ್ತವ್ಯ ಪುತಾ. ದೊಡ್ಡ ಕವಿತೆಯಲ್ಲಿ ಯಾರೂ ಪೂರಾ ಕೆಟ್ಟವರಲ್ಲ. ನೀನು ದೊಡ್ಡವಳಾದ ಮೇಲೆ ಅರ್ಥ ಆಗ್ತದೆ.”

ನಾನು ಹೊಸ ಮಾತುಗಳನ್ನು ಬಾಯಿಪಾಠ ಮಾಡಿದೆ. ಬೇಡ ಎನ್ನಬಹುದಿತ್ತು. ಪಾತ್ರ ಕೈತಪ್ಪುತ್ತದೆ ಎನ್ನುವುದೊಂದೇ ನನ್ನ ಭಯ.

ಒಂದು ಶುಕ್ರವಾರ ಮಧ್ಯಾಹ್ನ, ಬಾಡಿಗೆಗೆ ಹಿಡಿದ ಶಾಲೆಯ ಹಾಲಿನಲ್ಲಿ ನಾಟಕ. ಬೆಳಿಗ್ಗೆ ಅಮ್ಮನೇ ನನಗೆ ಸೀರೆ ಉಡಿಸಿದಳು. ಲೀನಾ ಆಂಟಿಯ ಸೀರೆ, ಅಂಕಲ್ ಆರಿಸಿದ ಗಿಣಿಹಸಿರು ಬಣ್ಣದ್ದು. ಹೆಗಲ ಮೇಲೆ ಪಿನ್ನು ಚುಚ್ಚುವಾಗ ಅವಳ ಕೈ ಒಂದು ಗಳಿಗೆ ನಿಂತಿತು. ಈ ಬಣ್ಣ ಯಾಕೆ ಎಂದು ಕೇಳಿದಳು. ಅಂಕಲ್ ಹೇಳಿದ್ದು ಎಂದೆ. ಪಿನ್ನು ಹಾಕಿ ಸೆರಗು ಸರಿಮಾಡಿದಳು. ಹಾಲಿನಲ್ಲಿ ಅಪ್ಪ, ಅಮ್ಮ, ಲೀನಾ ಆಂಟಿ ಮೂರನೇ ಸಾಲಿನಲ್ಲಿ ಕೂತಿದ್ದರು. ವೇದಿಕೆಯ ಬೆಳಕಿಗೆ ಅವರ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ತಂಬಿಗೆ ಹಿಡಿದು ಇಳಿದೆ, ಓಡಿದೆ, ಹೇಳಿಕೊಟ್ಟ ಹಾಗೆ ಎಡಗಾಲಿನ ಚಪ್ಪಲಿ ಕಳಚಿದೆ. ಅಷ್ಟು ಹೊತ್ತಿಗೆ ಅಮ್ಮ ಎದ್ದು ನಿಂತಿದ್ದಳು. ಹಿಂದಿನವರು ಕೂತ್ಕೊಳ್ಳಿ ಎಂದು ಹೇಳುತ್ತಿದ್ದದ್ದು ನನಗೂ ಕೇಳಿಸಿತು. ಹಳೆಯ ಮಾತು, ಆ ಎರಡು ಪುಟ, ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಿಬಿಟ್ಟಿದ್ದರೆ ಯಾರು ಏನು ಮಾಡುತ್ತಿದ್ದರು? ನಾನು ಕೈಯೆತ್ತಿ, ಅಮ್ಮನನ್ನು ನೋಡುತ್ತಲೇ, ಹೊಸದನ್ನು ಹೇಳಿದೆ.

“ಹೋಗಿ ಬನ್ನಿ. ನೀವು ಕಟ್ಟುವ ನಗರಕ್ಕೆ ನನ್ನ ಕಣ್ಣೀರೇ ಅಡಿಪಾಯವಾಗಲಿ.”

ಚಪ್ಪಾಳೆ ನಿಲ್ಲಲೇ ಇಲ್ಲ. ಎಷ್ಟೋ ಗಂಡಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಅವರಲ್ಲಿ ಅಪ್ಪನೂ ಒಬ್ಬರು. ಅಮ್ಮನ ಕುರ್ಚಿ ಖಾಲಿಯಾಗಿತ್ತು.

ನಾವು ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅಮ್ಮ ಒಬ್ಬಳೇ ಟ್ಯಾಕ್ಸಿ ಹಿಡಿದು ಬಂದಿದ್ದಳು, ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದಳು. ಅಂಕಲ್ ಹಾರ ಇನ್ನೂ ಕೊರಳಲ್ಲಿರುವಂತೆಯೇ ಬಂದು, ಹೇಗಿತ್ತು ಶಶಿಯಕ್ಕ ಎಂದು ಕೇಳಿದರು. ಊರಲ್ಲಿ ಕ್ರಿಶ್ಚಿಯನ್ನರನ್ನು ಗೌರವದಿಂದ ಕರೆಯುವ ಹಾಗೆ ಅಮ್ಮ ಅವರನ್ನು ಯಾವಾಗಲೂ ಪೊರ್ಬುಗಳೇ ಎಂದೇ ಕರೆಯುತ್ತಿದ್ದಳು. ಆವತ್ತೂ ಹಾಗೆಯೇ ಕರೆದಳು.

“ಪೊರ್ಬುಗಳೇ, ಆ ಹೆಂಗಸು ಯಾರು?”

“ಅದು ಗ್ರೀಕ್ ಕತೆ ಶಶಿಯಕ್ಕ. ಎರಡು ಸಾವಿರ ವರ್ಷ ಹಳತು.”

“ಎರಡು ಸಾವಿರ ವರ್ಷದ ಹಿಂದೆ ಗಿಣಿಹಸಿರು ಸೀರೆ ಇತ್ತಾ?”

ಅಂಕಲ್ ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಲೀನಾ ಆಂಟಿ ಅವರ ಮುಖವನ್ನೂ ನನ್ನ ಮುಖವನ್ನೂ ನೋಡಿದರು. ಆಂಟಿಗೆ ಅದೇ ಮೊದಲು ಏನೋ ಹೊಳೆದದ್ದು ಎಂದು ನನಗನಿಸುತ್ತದೆ.

“ಅವಳು ಹೋಗಿ ಬನ್ನಿ ಅಂತ ಹೇಳ್ಲಿಲ್ಲ,” ಎಂದಳು ಅಮ್ಮ. ಕೈ ಅಕ್ಕಿಯ ನೀರಿನಲ್ಲೇ ಇತ್ತು. “ನಾಲ್ಕು ವರ್ಷ ಹಿಂದಿನ ಚಾವಡಿಯಲ್ಲಿ ಕೂತಿದ್ಲು. ನಿನಗೆ ಎಂತ ಅನಿಸ್ತದೆ ಅಂತ ಒಬ್ಬರೂ ಕೇಳ್ಲಿಲ್ಲ. ಕೇಳದೆಯೇ ನೀವು ಉತ್ತರ ಬರೆದ್ರಿ. ನನ್ನ ಮಗಳ ಬಾಯಲ್ಲಿ ಹೇಳಿಸಿದ್ರಿ.”

“ಹೋಗ್ಲಿ ಬಿಡು ಶಶಿ,” ಎಂದರು ಅಪ್ಪ. “ಹೆಸರು ಬೇರೆ ಅಲ್ವಾ? ಚೆಂದ ಇತ್ತು. ನನಗೂ ಕಣ್ಣಲ್ಲಿ ನೀರು ಬಂತು.”

“ನೀವು ಅತ್ತದ್ದು ಯಾರಿಗೆ?”

ಅಪ್ಪ ಶೂ ಬಿಚ್ಚಲು ಬಗ್ಗಿದರು. ಅವರು ಅತ್ತದ್ದು ಹಡಗಿನಲ್ಲಿದ್ದವನಿಗೆ. ಮದುವೆಯಾದ ಮೂರನೇ ತಿಂಗಳಿಗೆ ಅಮ್ಮನನ್ನು ಊರಲ್ಲಿ ಬಿಟ್ಟು ಬಂದು ಐದು ವರ್ಷ ಕರೆಸಿಕೊಳ್ಳಲಾಗದವರು ಅವರು. ತಮ್ಮ ಮೇಲೇ ಕನಿಕರಪಡಲು ಅವರಿಗೆ ಯಾರೂ ಅಷ್ಟು ಸುಂದರವಾದ ಮಾತು ಕೊಟ್ಟಿರಲಿಲ್ಲ. ಇದು ನನಗೀಗ ಅರ್ಥವಾಗುತ್ತದೆ. ಆಗ ಅರ್ಥವಾದದ್ದು ಒಂದೇ, ಅಮ್ಮ ಆ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಳು. ಅವಳು ನನ್ನ ಕಡೆ ತಿರುಗಿದಳು. ಹೊಡೆಯಲಿ ಎಂದು ಕಾದೆ.

“ಹಸಿವಾಗಿರಬೇಕು ನಿನಗೆ. ಸೀರೆ ಬಿಚ್ಚಿ ಬಾ,” ಎಂದಳು.

ಮರುದಿನ ಮಧ್ಯಾಹ್ನ ನಾನೇ ಅಂಕಲ್ ಎದುರು ನಿಂತೆ. ಶಿಲುಬೆಯ ಗುರುತು ಮಾಡಿ ಮಾತು ಕೊಟ್ಟಿದ್ದಿರಲ್ಲ, ಅಮ್ಮನಿಗೆ ತಪ್ಪಾಯಿತು ಎಂದಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ದನಿ ಏರಿತ್ತು. ಆಂಟಿ ಮಲಗಿದ್ದಾರೆ, ಮೆಲ್ಲ ಎಂದರು ಮೊದಲು. ಆಮೇಲೆ ಶರ್ಟಿನ ಕಾಲರಿಗೆ ಇಸ್ತ್ರಿ ಹಾಕುತ್ತಾ, ತಲೆಯೆತ್ತದೆ, ಮತ್ತೊಂದು ಮಾತು ಹೇಳಿದರು.

“ನಾನೇನು ಕದ್ದದ್ದಾ? ಕೊಟ್ಟವಳು ನೀನು.”

ಅವರು ಹೇಳಿದ್ದು ಸುಳ್ಳಲ್ಲ ಎನ್ನುವುದೇ ನನಗೆ ಇವತ್ತಿಗೂ ಚುಚ್ಚುತ್ತದೆ. ಎರಡು ವರ್ಷ ನನ್ನನ್ನು ದೊಡ್ಡವಳ ಹಾಗೆ ಕೂರಿಸಿಕೊಂಡು ಮಾತಾಡಿದವರು, ತಪ್ಪು ಹೊರುವ ಹೊತ್ತಿಗೆ ಅದನ್ನು ಹದಿಮೂರು ವರ್ಷದವಳ ತಲೆಗೆ ಕಟ್ಟಿ ಡ್ಯೂಟಿಗೆ ಹೋದರು. ಆ ಮೇಜಿನಲ್ಲಿ ನಾನು ಮತ್ತೆ ಕೂರಲಿಲ್ಲ. ಊಟದ ತಟ್ಟೆ ಹಿಡಿದುಕೊಂಡು ಬಾಲ್ಕನಿಗೆ ಹೋಗಿ, ಎದುರು ಕಟ್ಟಡದ ಏಸಿಗಳ ಬಿಸಿಗಾಳಿಯಲ್ಲಿ ನಿಂತುಕೊಂಡೇ ತಿನ್ನುತ್ತಿದ್ದೆ. ನಾಲ್ಕು ತಿಂಗಳಿಗೆ ಲೀನಾ ಆಂಟಿಗೆ ಅಬುಧಾಬಿಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಅವರು ಮನೆ ಬಿಟ್ಟರು. ಹೋಗುವ ದಿನ ಆಂಟಿ ಅಮ್ಮನನ್ನು ತಬ್ಬಿಕೊಂಡು ಅತ್ತರು. ಅಂಕಲ್ ನನ್ನ ತಲೆ ಸವರಲು ಬಂದರು, ನಾನು ಪಕ್ಕಕ್ಕೆ ಸರಿದೆ.

ಅಮ್ಮ ನನ್ನನ್ನು ಆ ವಿಷಯಕ್ಕೆ ಒಂದು ದಿನವೂ ಬೈಯಲಿಲ್ಲ. ಬುತ್ತಿ ಕಟ್ಟಿದಳು, ಜಡೆ ಹಾಕಿದಳು, ಜ್ವರ ಬಂದಾಗ ಪಕ್ಕ ಕೂತಳು. ನನಗೆ ಏನನ್ನೂ ಹೇಳುವುದನ್ನು ಮಾತ್ರ ನಿಲ್ಲಿಸಿದಳು. ಮೊದಲೆಲ್ಲ ಅವಳ ಬಟ್ಟೆಯಿಂದ ಕಪ್ಪು ದಾರ ಹೆಕ್ಕುವಾಗ ಅಂಗಡಿಯ ಜಗಳ, ಮೆಟ್ರೋದಲ್ಲಿ ಕಂಡದ್ದು, ಊರಿನ ಹಳೆಯ ಸುದ್ದಿ ಎಲ್ಲ ಹೇಳುತ್ತಿದ್ದಳು. ಈಗ ಬಾಗಿಲಲ್ಲೇ ನಿಂತು ತಾನೇ ದಾರ ಹೆಕ್ಕಿಕೊಂಡು ಒಳಗೆ ಬರುತ್ತಿದ್ದಳು. ಏನಾಯ್ತಮ್ಮ ಎಂದರೆ, ಎಂತ ಇಲ್ಲ ಮಗಾ ಎನ್ನುವಳು. ಮುಂದಿನ ಆಟಿಯಲ್ಲಿ ಬಡಿಸುವ ಹೊತ್ತಿಗೆ ನನ್ನನ್ನು ಉಪ್ಪು ತರಲೆಂದು ಕೆಳಗಿನ ಗ್ರೋಸರಿಗೆ ಕಳಿಸಿದಳು. ಬಂದು ನೋಡಿದರೆ ಡಬ್ಬ ತುಂಬ ಉಪ್ಪಿತ್ತು.

ಕಾಲೇಜಿಗೆಂದು ಊರಿಗೆ ಬಂದ ಮೇಲೆ ನಾನು ಆ ರೋಮನ್ ಕವಿತೆಗಳನ್ನು ಇಂಗ್ಲಿಷ್ ಅನುವಾದದಲ್ಲಿ ಹುಡುಕಿ ಓದಿದೆ. ಸಿಟ್ಟಿನಿಂದಲೇ ಓದಲು ಶುರು ಮಾಡಿದ್ದು. ಅಂಕಲ್ ಹೇಳಿದ್ದರಲ್ಲಿ ಬಹಳಷ್ಟು ನಿಜವಾಗಿತ್ತು. ದಂಡೆಯ ಹುಡುಗಿಯ ಪಕ್ಕ ಕವಿಗಳು ನಿಜವಾಗಿಯೂ ಇಳಿದು ನಿಂತಿದ್ದರು. ಆದರೆ ಆ ಮೂಲಪುರುಷನ ಕತೆಯಲ್ಲಿ, ಅವನು ಬಿಟ್ಟುಹೋದ ರಾಣಿ ಅವನನ್ನು ಹರಸುವುದಿಲ್ಲ. ಶಪಿಸುತ್ತಾಳೆ, ಸಾಯುತ್ತಾಳೆ. ಮುಂದೆ ಸತ್ತವರ ಲೋಕದಲ್ಲಿ ಅವನು ಅವಳನ್ನು ಕಂಡು, ಅಳುತ್ತಾ, ನನ್ನಿಷ್ಟದಿಂದ ಹೋದದ್ದಲ್ಲ ಎನ್ನುತ್ತಾನೆ. ಅವಳು ಒಂದು ಮಾತೂ ಆಡದೆ ಮುಖ ತಿರುಗಿಸಿ ನಡೆದುಬಿಡುತ್ತಾಳೆ. ರಾಜ್ಯದ ಕೀರ್ತಿಗಾಗಿಯೇ ಬರೆದ ಕವಿ ಅವನು. ಅವನಿಗೂ ಆ ಹೆಂಗಸಿನ ಬಾಯಲ್ಲಿ ಹಾರೈಕೆ ತುರುಕಲು ಮನಸ್ಸಾಗಲಿಲ್ಲ. ಸಿರಿಲ್ ಅಂಕಲ್ ಇದನ್ನು ಸೆಮಿನರಿಯಲ್ಲಿ ಲ್ಯಾಟಿನ್ನಿನಲ್ಲೇ ಓದಿದವರು, ಅವರಿಗೆ ಇದು ಗೊತ್ತಿಲ್ಲದಿರಲು ಸಾಧ್ಯವಿಲ್ಲ. ಹಾಸ್ಟೆಲಿನ ಓದುವ ಕೋಣೆಯಲ್ಲಿ ಪುಸ್ತಕ ಮುಚ್ಚಿಟ್ಟು ಕೂತೆ. ಗೊತ್ತಿದ್ದೂ, ರೋಮಿನವರ ಹೆಸರು ಹೇಳಿ, ನನಗೆ ಆ ಹಾಳೆ ಕೊಟ್ಟಿದ್ದರು.

ಇದನ್ನೆಲ್ಲ ಬರೆಯಲೇ ಎಂದು ಅಮ್ಮನನ್ನು ಕೇಳಿದೆ. ಎರಡು ದಿನ ಬಿಟ್ಟು ಅವಳಾಗಿಯೇ ಫೋನ್ ಮಾಡಿದಳು.

“ಬರಿ. ಹೆಸರು ಬದಲಿಸು. ಬೇರೆ ಎಂತದನ್ನೂ ಬದಲಿಸ್ಬೇಡ.”

ವಾರಿಜ ಎನ್ನುವ ಹೆಸರನ್ನೂ ಅವಳೇ ಸೂಚಿಸಿದಳು. ಕ್ಷಮಿಸಿದ್ದಾಳೆ ಎಂದುಕೊಂಡು ನನಗೆ ಕುಣಿಯುವಷ್ಟು ಸಂತೋಷವಾಯಿತು. ಅದಾಗಿ ಸ್ವಲ್ಪ ಸಮಯಕ್ಕೆ, ನನ್ನ ಕೆಲಸದ ಮೇಲೆ ಅಬುಧಾಬಿಗೆ ಹೋಗಬೇಕಾಯಿತು. ಲೀನಾ ಆಂಟಿ ಊಟಕ್ಕೆ ಬಾ ಎಂದು ಒತ್ತಾಯ ಮಾಡಿದರು. ಅಂಕಲ್ ಊರಿಗೆ ಹೋಗಿದ್ದಾರೆ, ನೀನು ಬರಬಹುದು ಎಂದು ಅವರೇ ಸೇರಿಸಿದರು. ಹೋದೆ. ಆಂಟಿಗೆ ಕೂದಲೆಲ್ಲ ನೆರೆತಿತ್ತು. ಬಂಗುಡೆ ಮೀನಿನ ಸಾರು, ಕೊಂಕಣಿಯವರು ಸಣ್ಣ ಎನ್ನುವ ಇಡ್ಲಿ ಮಾಡಿದ್ದರು. ಎದುರು ಕೂತು ಬಡಿಸುತ್ತಾ, ನಿನ್ನ ಅಮ್ಮ ನನಗೆ ವಾರವಾರವೂ ಫೋನ್ ಮಾಡ್ತಾಳೆ, ಇಷ್ಟು ವರ್ಷದಲ್ಲಿ ಒಂದು ವಾರ ತಪ್ಪಿಸಿಲ್ಲ ಎಂದರು. ನನಗದು ಗೊತ್ತಿರಲಿಲ್ಲ.

“ಪಾಪ, ನಿನ್ನ ದೊಡ್ಡಮ್ಮ,” ಎಂದರು ಆಂಟಿ, ಸಾರು ಹಾಕುತ್ತಾ. “ಆ ಬಸ್‌ಸ್ಟ್ಯಾಂಡಿನ ಎರಡು ದಿನ ನೆನೆಸಿದ್ರೆ ನನಗೆ ಈಗಲೂ ಹೊಟ್ಟೆ ಉರಿತದೆ. ಮತ್ತೆ ಸಾಯುವ ಮೊದಲು ನಿನ್ನ ಅಮ್ಮನನ್ನು ಹತ್ತಿರ ಕರೆದು ಹೇಳಿದ್ಲಲ್ಲ, ಅದು.”

ನಾನು ತಲೆಯೆತ್ತಿ ನೋಡಿದೆ. ಆಂಟಿಯ ಕೈಯಲ್ಲಿ ಸೌಟು ಹಾಗೇ ನಿಂತಿತು.

“ನಿನಗೆ ಹೇಳ್ಲಿಲ್ವಾ ಅಮ್ಮ?”

“ಇಲ್ಲ.”

“ಅಯ್ಯೋ, ನಾನು ನಿನಗೆ ಗೊತ್ತುಂಟು ಅಂತ... ಏನಿಲ್ಲ ಪುತಾ, ಈಗ ಹೇಳಿದ್ರೆ ಏನಾಗ್ತದೆ, ಅವಳು ಹೇಳಿದ್ದು ಏನಂದ್ರೆ—”

“ಬೇಡ ಆಂಟಿ.”

ಗಟ್ಟಿಯಾಗಿಯೇ ಹೇಳಿದೆ. ಆಂಟಿ ನನ್ನನ್ನು ನೋಡಿದರು. ಕೇಳಬೇಕೆಂಬ ಆಸೆ ನನಗೆ ಬಹಳವಿತ್ತು. ಇನ್ನೊಂದು ಮಾತು ಕಿವಿಗೆ ಬಿದ್ದರೂ ತಡೆದುಕೊಳ್ಳಲು ಆಗುತ್ತಿರಲಿಲ್ಲವೇನೋ.

“ಅಮ್ಮ ನನಗೆ ಹೇಳಿದರೆ ಕೇಳ್ತೇನೆ. ಇಲ್ಲದಿದ್ದರೆ ಇಲ್ಲ.”

ಆಂಟಿ ನಿಧಾನವಾಗಿ ಸೌಟನ್ನು ಪಾತ್ರೆಗೆ ಇಳಿಸಿದರು. ಇನ್ನೊಂದು ಬಂಗುಡೆ ಹಾಕಲಾ ಎಂದು ಕೇಳಿದರು. ಹಾಕಿ ಎಂದೆ.